ಮನೆಯೊಳಗೇ ತಪ್ಪಿಸಿಕೊಂಡ ಕಾರ್ನ್ ಸ್ನೇಕ್: ಈ ಚಳಿಯಲ್ಲಿ ಎಲ್ಲಿ ಹುಡುಕುವುದು?

ಮಿನ್ನೆಸೋಟ_ಕನ್ನಡತಿ:

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಸಲಹೆ ಬೇಕು. ಮಗ ಸಾಕಿರುವ ಕಾರ್ನ್ ಸ್ನೇಕ್ ಮಂಗಳವಾರ ರಾತ್ರಿಯಿಂದ ಕಾಣುತ್ತಿಲ್ಲ. ಇವತ್ತಿಗೆ ಮೂರು ದಿನ. ನಾಲ್ಕು ವರ್ಷದ ಗಂಡು, 110 ಸೆಂ.ಮೀ. ಉದ್ದ, ಹೆಬ್ಬೆರಳಿನ ದಪ್ಪ. ಗಾಜಿನ ತೊಟ್ಟಿಯ ಜಾಲರಿ ಮುಚ್ಚಳದಲ್ಲಿ ಒಂದು ಮೂಲೆಯ ಕ್ಲಿಪ್ ಬಿಚ್ಚಿಕೊಂಡಿತ್ತು. ಕೊನೆಯ ಸಲ ಇಲಿ ತಿಂದು ಆರು ದಿನವಾಗಿದೆ.

ಮನೆ ಮಿನಿಯಾಪೊಲಿಸ್‌ನಲ್ಲಿ. ಎರಡು ಅಂತಸ್ತು, ಕೆಳಗೆ ಬೇಸ್‌ಮೆಂಟ್. ಫರ್ನೇಸ್‌ನ ಬಿಸಿಗಾಳಿ ನೆಲದ ಜಾಲಂಧ್ರಗಳಿಂದ ಬರುತ್ತದೆ. ಒಳಗೆ 70 ಡಿಗ್ರಿ ಫ್ಯಾರನ್‌ಹೀಟ್, ಬೇಸ್‌ಮೆಂಟ್‌ನಲ್ಲಿ 60, ಹೊರಗೆ ಸೊನ್ನೆಗಿಂತ ಕೆಳಗೆ. ಹೀಟರ್ ಜಾಸ್ತಿ ಮಾಡಿದರೆ ತಾನಾಗಿ ಹೊರಗೆ ಬರುತ್ತದಾ? ಬಿಸಿಗಾಳಿಯ ಕೊಳವೆಗೆ ಇಳಿದಿದ್ದರೆ ಏನು ಗತಿ? ಎಷ್ಟು ದಿನ ತಡೆದೀತು? ಊರಿನಿಂದ ಬಂದಿರುವ ಅತ್ತೆಯವರಿಗೆ ರಾತ್ರಿ ನಿದ್ದೆಯಿಲ್ಲ, ಮೂಲೆಮೂಲೆಗೆ ನುಸಿಗುಳಿಗೆ ಇಡೋಣ ಅನ್ನುತ್ತಿದ್ದಾರೆ.

ಪೊರೆ_ಬಿಟ್ಟವ:

ಮೇಡಂ, ಮೊದಲು ಎರಡು ಮಾತು. ನುಸಿಗುಳಿಗೆ ಬೇಡವೇ ಬೇಡ. ಅದರ ಆವಿ ಹಾವಿಗೆ ವಿಷ, ಮುಚ್ಚಿದ ಮನೆಯಲ್ಲಿ ಮನುಷ್ಯರಿಗೂ ಒಳ್ಳೆಯದಲ್ಲ. ಆ ವಾಸನೆಗೆ ಹಾವು ಹೊರಗೆ ಬರುವುದಿಲ್ಲ. ಫಿನೈಲ್, ಬೆಳ್ಳುಳ್ಳಿ ನೀರು, ಇಲಿ ಹಿಡಿಯುವ ಅಂಟಿನ ಹಲಗೆ, ಇವೂ ಬೇಡ. ಅಂಟಿಗೆ ಸಿಕ್ಕಿದ ಹಾವು ಒದ್ದಾಡಿ ಚರ್ಮ ಹರಿದುಕೊಳ್ಳುತ್ತದೆ.

ಎರಡನೆಯದು, ಹೀಟರ್ ಜಾಸ್ತಿ ಮಾಡಬೇಡಿ, ಕಡಿಮೆ ಮಾಡಿ. ಮನೆಯೆಲ್ಲ ಬೆಚ್ಚಗಿದ್ದರೆ ಅವನಿಗೆ ಯಾವ ಸಂದಿಯಾದರೂ ಸರಿಯೇ, ಹೊರಗೆ ಬರುವ ಅಗತ್ಯವೇ ಇರುವುದಿಲ್ಲ. ರಾತ್ರಿ 63-64ಕ್ಕೆ ಇಳಿಸಿ, ಒಂದೆರಡು ಜಾಗವನ್ನು ಮಾತ್ರ ಬೆಚ್ಚಗಿಡಿ. 60ಕ್ಕಿಂತ ಕೆಳಗೆ ಬೇಡ, ನಿಮ್ಮ ಕಡೆಯ ಚಳಿಗೆ ಹೊರಗೋಡೆಯಲ್ಲಿರುವ ನೀರಿನ ಪೈಪ್ ಹೆಪ್ಪುಗಟ್ಟಬಹುದು. ಅತ್ತೆಯವರ ಕೋಣೆಯ ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿ, ಅವರಿಗೆ ಇನ್ನೊಂದು ರಗ್ಗು ಕೊಡಿ. ಕಾರ್ನ್ ಸ್ನೇಕ್‌ಗೆ ವಿಷವಿಲ್ಲ ಎಂದು ಬಿಡಿಸಿ ಹೇಳಿ.

ಬೆಚ್ಚನೆಯ ಜಾಗ ಮಾಡುವುದು ಹೀಗೆ. ಶೂ ಡಬ್ಬಿಯ ಒಂದು ಬದಿಯಲ್ಲಿ 4-5 ಸೆಂ.ಮೀ. ತೂತು ಕೊಯ್ಯಿರಿ. ತೊಟ್ಟಿಯ ಹೀಟ್ ಮ್ಯಾಟನ್ನು ಡಬ್ಬಿಯ ಅರ್ಧಭಾಗದ ಕೆಳಗೆ ಬರುವಂತೆ ಹಾಕಿ. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟ್ಯಾಟ್‌ನ ಶಾಖ ಅಳೆಯುವ ತಂತಿ ಮ್ಯಾಟಿನ ಮೇಲೇ ಇರಲಿ, 86-88 ಡಿಗ್ರಿಗೆ ಇಡಿ. ಥರ್ಮೋಸ್ಟ್ಯಾಟ್ ಇಲ್ಲದೆ ಮ್ಯಾಟ್ ಹಾಕಲೇಬಾರದು: ಡಬ್ಬಿ ಸುಡುತ್ತದೆ, ಹಾವಿನ ಹೊಟ್ಟೆಯೂ ಸುಡುತ್ತದೆ. ಒಳಗೆ ಅವನ ತೊಟ್ಟಿಯ ತಳದಲ್ಲಿ ಹರಡಿರುವ ಹಾಸನ್ನೇ ಎರಡು ಹಿಡಿ ಹಾಕಿದರೆ ತನ್ನ ವಾಸನೆ ಗುರುತು ಸಿಗುತ್ತದೆ. ಡಬ್ಬಿಯನ್ನು ಗೋಡೆಗೆ ಒತ್ತಿಸಿ ಇಡಿ, ಹಾವು ಬಯಲಲ್ಲಿ ಹೋಗುವುದು ಅಪರೂಪ, ಗೋಡೆ ಹಿಡಿದೇ ಸಾಗುತ್ತದೆ. ಪಕ್ಕದಲ್ಲೇ ನೀರಿನ ಬಟ್ಟಲು ಇರಲಿ. ಫರ್ನೇಸ್ ಓಡುವ ಮನೆಯಲ್ಲಿ ಗಾಳಿ ತೀರಾ ಒಣಗಿರುತ್ತದೆ, ಅವನಿಗೆ ಹಸಿವಿಗಿಂತ ಮೊದಲು ಕಾಡುವುದು ಬಾಯಾರಿಕೆ. ಮೈ ತುಂಬಿಕೊಂಡಿರುವ ದೊಡ್ಡ ಹಾವು ಊಟವಿಲ್ಲದೆ ತಿಂಗಳುಗಟ್ಟಲೆ ತಡೆಯುತ್ತದೆ, ಆ ಚಿಂತೆ ಈಗ ಬೇಡ.

ಇನ್ನು ಹುಡುಕುವ ಕ್ರಮ. ತೊಟ್ಟಿಯಿಂದಲೇ ಶುರುಮಾಡಿ. ಹಾಸನ್ನು ಹಿಡಿಹಿಡಿಯಾಗಿ ಎತ್ತಿ ನೋಡಿ, ನೀರಿನ ಬಟ್ಟಲ ಅಡಿ, ಮುಚ್ಚಳದ ಅಂಚಿನ ಒಳಮಡಿಕೆ, ಟೊಳ್ಳು ಮರದ ಕೊರಡು ಯಾವುದನ್ನೂ ಬಿಡಬೇಡಿ. ಕಳೆದುಹೋಗಿದೆ ಅಂದುಕೊಂಡ ಹಾವು ಹಾಸಿನ ಅಡಿಯಲ್ಲೇ ಸಿಗುವುದು ಉಂಟು. ಆಮೇಲೆ ಅದೇ ಕೋಣೆಯಲ್ಲಿ ತೊಟ್ಟಿಯ ಸುತ್ತ ಹತ್ತಡಿ: ಪುಸ್ತಕಗಳ ಹಿಂದೆ, ಕಪಾಟಿನ ಡ್ರಾಯರುಗಳನ್ನು ಪೂರ್ತಿ ಹೊರಗೆಳೆದು ಅವುಗಳ ಹಿಂದಿನ ಗೂಡು, ಮಂಚದ ಕೆಳಗಿನ ಬಟ್ಟೆ, ವೈಫೈ ಪೆಟ್ಟಿಗೆ, ಜಾಕೆಟ್ ತೋಳುಗಳು. ಟಾರ್ಚನ್ನು ಮೇಲಿನಿಂದ ಬಿಡಬೇಡಿ. ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಕಣ್ಣಿನ ಪಕ್ಕದಲ್ಲಿ ಹಿಡಿದರೆ ಕತ್ತಲ ಸಂದಿಯಲ್ಲೂ ಚಿಪ್ಪಿನ ಹೊಳಪು ಸಿಗುತ್ತದೆ.

ಮಲಗಿಸಿ ಎಬ್ಬಿಸುವ ರಿಕ್ಲೈನರ್ ಸೋಫಾ ಇದ್ದರೆ ಹುಡುಕಾಟ ಮುಗಿಯುವ ತನಕ ಯಾರೂ ಕೂರಬೇಡಿ. ಅದರ ಕಬ್ಬಿಣದ ಕತ್ತರಿಗೆ ಸಿಕ್ಕಿದರೆ ಹಾವು ಉಳಿಯುವುದಿಲ್ಲ. ಡ್ರೈಯರ್‌ಗೆ ಬಟ್ಟೆ ಹಾಕುವ ಮೊದಲು ಒಂದೊಂದನ್ನೂ ಕೊಡವಿ.

ಡಕ್ಟ್_ಮೇಸ್ತ್ರಿ:

ಕೊಳವೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ನೆಲದ ಜಾಲಂಧ್ರದ ಪಟ್ಟಿಗಳ ನಡುವಿನ ಸಂದಿ ಸಾಮಾನ್ಯವಾಗಿ ಈ ಗಾತ್ರದ ಹಾವಿಗೆ ಸಾಲದು. ಆದರೆ ಜಾಲಂಧ್ರ ತನ್ನ ಗುಂಡಿಯಲ್ಲಿ ಸಡಿಲವಾಗಿ ಕೂತಿದ್ದರೆ ಪಕ್ಕದಿಂದ ಇಳಿದೀತು. ತಲೆ ತೂರಿದ ಕಡೆ ಮೈಯೂ ತೂರುತ್ತದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಬಿಸಿಗಾಳಿ ಬರುವ ಕೊಳವೆಯೊಳಗೆ ಫರ್ನೇಸ್ ಓಡುವಾಗ 50 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಅಲ್ಲಿ ಅವನು ನಿಲ್ಲಲಾರ. ನೋಡಬೇಕಾದದ್ದು ಗಾಳಿ ವಾಪಸ್ ಹೋಗುವ ದೊಡ್ಡ ಜಾಲರಿ. ಫರ್ನೇಸ್ ಅರ್ಧ ಗಂಟೆ ನಿಲ್ಲಿಸಿ, ಜಾಲರಿಯ ಸ್ಕ್ರೂ ಬಿಚ್ಚಿ, ಫೋನಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಒಳಗೆ ಬಿಡಿ. ಐದು ಮೀಟರ್ ತಂತಿಯದು ಸಾಕು. ಫಿಲ್ಟರ್ ಸರಿಯಾಗಿ ಕೂತಿದ್ದರೆ ಫ್ಯಾನಿನ ತನಕ ಹೋಗಲಾಗದು. ಫಿಲ್ಟರ್ ತೆಗೆದು ಅದರ ಮುಂಭಾಗವನ್ನೂ ನೋಡಿಬಿಡಿ.

ಥರ್ಮಲ್ ಕ್ಯಾಮೆರಾ ಬಾಡಿಗೆಗೆ ತರುವ ಯೋಚನೆ ಇದ್ದರೆ ಬಿಡಿ. ಹಾವಿನ ಮೈ ಸುತ್ತಲಿನ ಬಿಸಿಯನ್ನೇ ಹೊಂದಿರುತ್ತದೆ, ಪರದೆಯ ಮೇಲೆ ಬೇರೆಯಾಗಿ ಕಾಣುವುದೇ ಇಲ್ಲ.

ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಂಭಾಗದ ಕೆಳಗೆ ಕಂಪ್ರೆಸರ್ ಇದೆಯಲ್ಲ, ಚಳಿಗಾಲದಲ್ಲಿ ಮನೆಯಲ್ಲೇ ಒಳ್ಳೆಯ ಬೆಚ್ಚನೆ ಮೂಲೆ ಅದು. ಹಾಗಂತ ಫ್ರಿಜ್ಜನ್ನು ಒಮ್ಮೆಲೇ ಎಳೆಯಬೇಡಿ, ಚಕ್ರದಡಿ ಸಿಕ್ಕೀತು. ಮೊದಲು ಕ್ಯಾಮೆರಾ ಬಿಟ್ಟು ನೋಡಿ, ಆಮೇಲೆ ನೇರವಾಗಿ ಎರಡೆರಡು ಇಂಚು. ಡಿಶ್‌ವಾಷರ್ ಕೆಳಗಿನ ತಗಡು ಮತ್ತು ಕಟ್ಟೆಯಡಿಯ ಕಪಾಟುಗಳ ಪಾದದ ಹಲಗೆ ಬಿಚ್ಚಿದರೆ ಹಿಂದೆ ಉದ್ದಕ್ಕೂ ಟೊಳ್ಳು ಇರುತ್ತದೆ.

ಮಿನ್ನೆಸೋಟ_ಕನ್ನಡತಿ:

ತುಂಬಾ ಧನ್ಯವಾದ. ತೊಟ್ಟಿಯಲ್ಲಿ ಇಲ್ಲ, ಫ್ರಿಜ್ಜಿನ ಹಿಂದೆಯೂ ಇಲ್ಲ. ಆದರೆ ಡಿಶ್‌ವಾಷರ್ ಪಕ್ಕದ ಗೋಡೆಯಂಚಿನಲ್ಲಿ ಸುಣ್ಣದ ಉಂಡೆಯಂಥ ಬಿಳಿ ಚೂರು, ಜೊತೆಗೆ ಕಂದು ಬಣ್ಣದ್ದು ಸ್ವಲ್ಪ ಸಿಕ್ಕಿತು. ಇದು ಅವನದ್ದೇ?

ಪೊರೆ_ಬಿಟ್ಟವ:

ಅವನದ್ದೇ ಇರಬೇಕು. ಬಿಳಿ ಭಾಗ ಹಾವಿನ ಮೂತ್ರ, ಒಣಗಿದರೆ ಸೀಮೆಸುಣ್ಣದಂತೆ ಪುಡಿಯಾಗುತ್ತದೆ. ಇನ್ನು ಮನೆಯೆಲ್ಲ ಕೆದಕಬೇಡಿ, ಅಡುಗೆಮನೆಯನ್ನು ಮಾತ್ರ ಮುಚ್ಚಿ ಕಾಯಿರಿ. ಡಿಶ್‌ವಾಷರ್ ಓಡಿಸಬೇಡಿ.

ರಾತ್ರಿ ಬಾಗಿಲಿಗೆ ಅಡ್ಡಲಾಗಿ, ಕಪಾಟುಗಳ ಮುಂದೆ ಉದ್ದಕ್ಕೆ, ಎರಡಿಂಚು ಅಗಲ ಅಕ್ಕಿಹಿಟ್ಟು ಎಳೆಯಿರಿ. ತೆಳ್ಳಗೆ, ರಂಗೋಲಿಗಿಂತಲೂ ತೆಳ್ಳಗೆ, ನೆಲದ ಬಣ್ಣ ಮಸುಕಾಗಿ ಕಾಣುವಷ್ಟು. ದಪ್ಪ ಹಾಕಿದರೆ ಗುರುತು ಮುಚ್ಚಿಹೋಗುತ್ತದೆ. ಹಾವು ಹಾದರೆ ಬಳುಕಿದ ಗೆರೆ ಬೀಳುತ್ತದೆ. ಪ್ರತಿ ಬಳುಕಿನಲ್ಲೂ ಹಿಟ್ಟು ಒಂದು ಕಡೆಗೆ ಸಣ್ಣ ದಿಬ್ಬವಾಗಿ ಒತ್ತಿಕೊಂಡಿರುತ್ತದೆ. ಹಾವು ಮುಂದೆ ಹೋಗಲು ಹಿಂದಕ್ಕೆ ತಳ್ಳಿದ ಹಿಟ್ಟು ಅದು, ಹಾಗಾಗಿ ದಿಬ್ಬ ಇರುವ ಕಡೆಯಿಂದ ಬಂದು ಎದುರು ಕಡೆಗೆ ಹೋಗಿದೆ ಎಂದು ಓದಿಕೊಳ್ಳಿ. ಗೋಡೆಯುದ್ದಕ್ಕೂ ಅಂಗಡಿಯ ಪ್ಲಾಸ್ಟಿಕ್ ಚೀಲಗಳನ್ನು ಮುದುಡಿ ಹಾಕಿ, ದೀಪ ಆರಿಸಿ. ಓಡಾಡುವುದು ಸಂಜೆ ಕತ್ತಲಾದ ಮೇಲೆ, ಮತ್ತೆ ಬೆಳಗಿನ ಜಾವ. ಸರಸರ ಸದ್ದು ಬಂದಾಗ ಟಾರ್ಚ್ ಹಾಕಿ.

ಊಟವಾಗಿ ವಾರ ದಾಟುತ್ತಿರುವುದರಿಂದ ಇಲಿಯ ವಾಸನೆಯೂ ಎಳೆಯಬಹುದು. ಫ್ರೀಜರಿನ ಇಲಿಯನ್ನು ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಒರೆಸಿ, ಡಬ್ಬಿಯೊಳಗಿಡಿ. ಬೆಳಿಗ್ಗೆ ಎಸೆಯಿರಿ. ಜೀವಂತ ಇಲಿ ಬೇಡ, ಚಳಿಗೆ ಜಡವಾದ ಹಾವನ್ನು ಇಲಿಯೇ ಕಚ್ಚುತ್ತದೆ. ಚಳಿಗಾಲದಲ್ಲಿ ಕೆಲವು ಗಂಡು ಹಾವುಗಳು ಊಟವನ್ನೇ ಬಿಡುತ್ತವೆ, ಹಾಗಾಗಿ ಇಲಿಯೊಂದನ್ನೇ ನಂಬಬೇಡಿ.

ಸಿಕ್ಕಿದಾಗ ತಣ್ಣಗಿದ್ದಾನೆಂದು ದೀಪದಡಿ ಹಿಡಿಯಬೇಡಿ. ತೊಟ್ಟಿಗೆ ಬಿಟ್ಟರೆ ಸಾಕು, ಒಂದು ಬದಿ 85 ಡಿಗ್ರಿ ಫ್ಯಾರನ್‌ಹೀಟ್, ಇನ್ನೊಂದು 75. ತಾನೇ ಜಾಗ ಆರಿಸಿಕೊಳ್ಳುತ್ತಾನೆ. ಮೊದಲು ನೀರು, ಊಟ ಐದಾರು ದಿನ ಬಿಟ್ಟು, ಎಂದಿಗಿಂತ ಸಣ್ಣ ಇಲಿ. ಹೊಟ್ಟೆಯ ಪಟ್ಟಿಗಳನ್ನು ಒಂದೊಂದಾಗಿ ನೋಡಿ: ಕೆಂಪು, ಗುಳ್ಳೆ ಇದ್ದರೆ ಸುಟ್ಟ ಗಾಯ. ಬಾಲದ ತುದಿಗೆ ಕೂದಲು ಬಿಗಿದು ಸುತ್ತಿರಬಹುದು, ಭೂತಗನ್ನಡಿ ಹಿಡಿದು ಬಿಡಿಸಿ. ಮೂಗಿನಲ್ಲಿ ನೊರೆ, ಬಾಯಿ ತೆರೆದು ಉಸಿರಾಟ ಇದ್ದರೆ ತಡಮಾಡದೆ ಸರೀಸೃಪ ನೋಡುವ ಪಶುವೈದ್ಯರಲ್ಲಿಗೆ ಹೋಗಿ.

ಬೆಂಗಳೂರು_ಬಾಲ್:

ಇಲ್ಲಿ ಬಾಲ್ ಪೈಥಾನ್ (ಒಂದು ಬಗೆಯ ಸಣ್ಣ ಹೆಬ್ಬಾವು) ಸಾಕಿದವರೂ ಓದುತ್ತಿರಬಹುದು, ಅವರಿಗಾಗಿ ಒಂದು ಮಾತು. ಬೆಂಗಳೂರಿನ ಮನೆಗಳಲ್ಲಿ ಹೀಟರ್ ಇಲ್ಲ, ಡಿಸೆಂಬರ್-ಜನವರಿಯ ರಾತ್ರಿ 15-16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಬಾಲ್ ಪೈಥಾನ್ ಆಫ್ರಿಕದ ಬಿಸಿನಾಡಿನದು, ಕಾರ್ನ್ ಸ್ನೇಕ್‌ನಂತೆ ಚಳಿ ತಡೆಯುವುದಿಲ್ಲ, ದಿನಗಟ್ಟಲೆ ಬಿಟ್ಟರೆ ಶ್ವಾಸಕೋಶದ ಸೋಂಕು ಹತ್ತುತ್ತದೆ. ಮೊದಲು ಯುಪಿಎಸ್ ಪೆಟ್ಟಿಗೆಯ ಹಿಂದೆ, ಫ್ರಿಜ್ಜಿನಡಿ, ವಾಷಿಂಗ್ ಮೆಷಿನ್ ಕೆಳಗೆ ನೋಡಿ.

ಆದರೆ ನಮ್ಮೂರಿನಲ್ಲಿ ಸಂದಿಗೆ ಕೈ ಹಾಕುವ ಮೊದಲು ಬೆಳಕು ಬಿಟ್ಟು ಅದು ನಿಮ್ಮದೇ ಹಾವೇ ಎಂದು ಖಾತ್ರಿ ಮಾಡಿಕೊಳ್ಳಿ. ಸುರುಳಿ ಸುತ್ತಿ ಮಲಗಿದ ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದು ಹಿಡಿಯಲು ಹೋಗಿ ಕಚ್ಚಿಸಿಕೊಂಡವರಿದ್ದಾರೆ. ಮೈಮೇಲೆ ಸರಪಳಿಯಂಥ ಸಾಲು ಸಾಲು ಮಚ್ಚೆ, ಬಾಣದ ಮೊನೆಯಂಥ ತಲೆ, ಕುಕ್ಕರ್ ಸೀಟಿಯಂಥ ಜೋರು ಬುಸುಗುಟ್ಟುವಿಕೆ ಇದ್ದರೆ ಹಿಂದೆ ಸರಿದು ಬಾಗಿಲು ಹಾಕಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಅನುಮಾನವಿದ್ದರೂ ಅಷ್ಟೇ.

ಮಿನ್ನೆಸೋಟ_ಕನ್ನಡತಿ:

ಸಿಕ್ಕಿದ! ಬೆಳಗಿನ ಜಾವ ಐದಕ್ಕೆ ಹಿಟ್ಟಿನ ಗೆರೆ ಡಿಶ್‌ವಾಷರ್ ಕೆಳಗಿನಿಂದ ಡಬ್ಬಿಯ ಕಡೆಗಿತ್ತು. ಮುಚ್ಚಳ ತೆಗೆದರೆ ಹಾಸಿನೊಳಗೆ ಸುತ್ತಿಕೊಂಡು ಮಲಗಿದ್ದಾನೆ, ಮೂತಿಗೆಲ್ಲ ಅಕ್ಕಿಹಿಟ್ಟು. ಇಲಿ ಮುಟ್ಟಿಲ್ಲ. ಹೊಟ್ಟೆಯಲ್ಲಿ ಸುಟ್ಟ ಗುರುತಿಲ್ಲ. ಮುಚ್ಚಳಕ್ಕೆ ಯಾವ ಕ್ಲಿಪ್ ಹಾಕಿಸಲಿ?

ಡಕ್ಟ್_ಮೇಸ್ತ್ರಿ:

ಸಂತೋಷವಾಯಿತು. ಸ್ಪ್ರಿಂಗ್ ಇರುವ ಲೋಹದ ಕ್ಲಿಪ್, ಉದ್ದದ ಬದಿಗೆ ಎರಡೆರಡು, ಅಗಲದ ಬದಿಗೆ ಒಂದೊಂದು, ಒಟ್ಟು ಆರು. ಹಾವು ಮೂತಿಯಿಂದ ಒತ್ತಿ ನೋಡುವುದು ಮೂಲೆಗಳನ್ನೇ, ಆದ್ದರಿಂದ ಉದ್ದದ ಬದಿಯ ಕ್ಲಿಪ್‌ಗಳು ಮೂಲೆಗೆ ಆದಷ್ಟು ಹತ್ತಿರ ಇರಲಿ. ಮೇಲೆ ಪುಸ್ತಕ ಹೇರುವುದನ್ನು ನಂಬಬೇಡಿ. ಹೀಟ್ ಮ್ಯಾಟಿನ ತಂತಿ ಒಳಹೋಗುವ ತೂತು ನಿಮ್ಮ ಕಿರುಬೆರಳು ತೂರುವಷ್ಟಿದ್ದರೆ ಅದನ್ನೂ ಇವತ್ತೇ ಮುಚ್ಚಿಸಿ.