ನಾಟಕದ ಟಿಕೆಟ್‌ಗೆ ಜಿಎಸ್‌ಟಿ: ರಂಗಕರ್ಮಿಗಳ ಗುಂಪಿನಲ್ಲಿ ಸಿ.ಎ. ಮೇಡಂ ಜೊತೆ ಪ್ರಶ್ನೋತ್ತರ

ಸಾಗರ: ನಮಸ್ತೆ ಮೇಡಂ. ಹವ್ಯಾಸಿ ತಂಡ ನಮ್ಮದು, ಟಿಕೆಟ್ ₹200. ಜಿಎಸ್‌ಟಿ ಕಟ್ಟಬೇಕಾ?

ಸಿ.ಎ.: ನಮಸ್ತೆ. ಬೇಡ. ನಾಟಕ, ನೃತ್ಯ, ಸರ್ಕಸ್ ಪ್ರವೇಶಕ್ಕೆ ತಲಾ ₹500ರವರೆಗೆ ವಿನಾಯಿತಿ. ಮೊದಲು ₹250 ಇತ್ತು, 2018ರ ಜನವರಿಯಲ್ಲಿ ಏರಿಸಿದರು.

ಬೆಂಗಳೂರು: ನಮ್ಮ ಸಂಸ್ಥೆಗೆ ಜಿಎಸ್‌ಟಿ ನೋಂದಣಿ ಇದೆ. ₹550 ಇಟ್ಟರೆ ಮೇಲಿನ ₹50ಕ್ಕೆ ಮಾತ್ರ ತೆರಿಗೆ ತಾನೇ?

ಸಿ.ಎ.: ಅಲ್ಲ, ಇಡೀ ಟಿಕೆಟ್‌ಗೆ ಶೇ. 18. ತೆರಿಗೆ ಸೇರಿ ₹550 ಅಂದ್ರೆ ನಿಮ್ಮ ಕೈಗೆ ₹466. ₹500ರ ಟಿಕೆಟೇ ವಾಸಿ. ₹590 ಇಟ್ಟರೆ ಸಮಸಮ.

ಹೊನ್ನಾವರ: ನಾನು ಯಕ್ಷಗಾನದ ಭಾಗವತ. ಆಟವೊಂದಕ್ಕೆ ₹12,000 ಕೊಡ್ತಾರೆ.

ಸಿ.ಎ.: ಜಾನಪದ, ಶಾಸ್ತ್ರೀಯ ಕಲಾವಿದರಿಗೆ ಪ್ರದರ್ಶನವೊಂದಕ್ಕೆ ₹1.5 ಲಕ್ಷದವರೆಗೆ ವಿನಾಯಿತಿ. ನಿಶ್ಚಿಂತೆಯಿಂದ ಹಾಡಿ.

ಧಾರವಾಡ: ಮೇಡಂ, ಈ ವರ್ಷ ಟಿಕೆಟಿನಿಂದ ₹18 ಲಕ್ಷ ಬಂದೈತಿ, ಎಲ್ಲಾ ₹300ರ ಒಳಗ. ವೇದಿಕಿ ಬ್ಯಾನರಿಗೆ ಊರಿನ ಅಂಗಡಿಯವರು ₹2.5 ಲಕ್ಷ ಕೊಟ್ಟಾರ. ನೋಂದಣಿ ಮಾಡಿಸಿಲ್ಲ. ಏನೂ ತೊಂದ್ರಿ ಇಲ್ಲಲ್ರಿ?

ಸಿ.ಎ.: ಇದೆ. ಎಲ್ಲರೂ ಓದಿ, ತಂಡಗಳು ಎಡವೋದು ಇಲ್ಲೇ. ವರ್ಷದ ವಹಿವಾಟು ₹20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಆ ಮಿತಿ ಲೆಕ್ಕ ಹಾಕುವಾಗ ವಿನಾಯಿತಿ ಇರುವ ಟಿಕೆಟ್ ಹಣವೂ ಸೇರುತ್ತೆ. ಬರೀ ಟಿಕೆಟ್ ಮಾರಿದ್ದರೆ ₹30 ಲಕ್ಷ ಬಂದರೂ ನೋಂದಣಿ ಬೇಕಿರಲಿಲ್ಲ. ಬ್ಯಾನರ್ ಜಾಹೀರಾತಿಗೆ ವಿನಾಯಿತಿ ಇಲ್ಲ, ಅದು ಸೇರಿ ₹20.5 ಲಕ್ಷ ಆಯ್ತು. ಈಗ ನೋಂದಣಿ ಕಡ್ಡಾಯ. ದಾಟಿದ ದಿನ ಯಾವುದು ಅಂತ ಖಾತೆಯಲ್ಲಿ ನೋಡಿ, ಅಲ್ಲಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ದಾಟಿದ ದಿನದಿಂದ ಬರುವ ಬ್ಯಾನರ್ ಹಣಕ್ಕಷ್ಟೇ ತೆರಿಗೆ, ಟಿಕೆಟ್‌ಗೆ ಆಗಲೂ ಇಲ್ಲ. ಹಾಗಂತ ಹಿಗ್ಗಬೇಡಿ. ಹಾಲ್ ಬಾಡಿಗೆ ಮೇಲೆ ಕೊಟ್ಟ ಶೇ. 18 ವಿನಾಯಿತಿ ಟಿಕೆಟ್ ಲೆಕ್ಕದಲ್ಲಿ ವಾಪಸ್ ಸಿಗಲ್ಲ, ನಿಮ್ಮ ತಲೆ ಮೇಲೇ.

ಮೈಸೂರು: (ಫಾರ್ವರ್ಡ್) ₹800 ಟಿಕೆಟನ್ನು ₹500 ಟಿಕೆಟ್, ₹300 ದೇಣಿಗೆ ಕೂಪನ್ ಮಾಡಿ! ಜಿಎಸ್‌ಟಿ ಪೂರ್ತಿ ಉಳಿಸಿ! ರಂಗಕರ್ಮಿಗಳಿಗೆಲ್ಲ ತಲುಪಿಸಿ 🙏

ಸಿ.ಎ.: ಇದು ಈ ಗುಂಪಿಗೆ ಬರ್ತಿರೋದು ಮೂರನೇ ಸಲ. ಕೂಪನ್ ತಗೊಳ್ಳದವರನ್ನ ಅದೇ ಸೀಟಿಗೆ ಬಿಡ್ತೀರಾ? ಬಿಡಲ್ಲ ಅಂದ್ರೆ ಅದೂ ಟಿಕೆಟ್ ದುಡ್ಡೇ. ನೋಟಿಸ್ ಬಂದಾಗ ಈ ಮೆಸೇಜ್ ಬರೆದ ಪುಣ್ಯಾತ್ಮ ನಿಮ್ಮ ಜೊತೆ ಬರಲ್ಲ.

ಕುಂದಾಪುರ: ಮೇಡಂ, ಮಸ್ಕತ್‌ನಲ್ಲಿ ನಾಟಕಕ್ಕೆ ಕರೆದಿದ್ದಾರೆ. ಆ ಸಂಭಾವನೆಗೆ ಹೇಗೆ?

ತುಮಕೂರು: ರಂಗಭೂಮಿಗೆ ಪೂರ್ತಿ ವಿನಾಯಿತಿ ಕೊಡ್ಲಿ ಅಂತ ಎಲ್ಲರೂ ಸಹಿ ಹಾಕೋಣ. 2018ರ ₹500 ಇವತ್ತೂ ₹500. ಹಾಲ್ ಬಾಡಿಗೆ ಹಾಗೇ ನಿಂತಿದೆಯಾ?

ಬೆಂಗಳೂರು: ₹1,500 ಕೊಟ್ಟು ಎಸಿಯಲ್ಲಿ ಕೂತು ನೋಡೋರಿಗೂ ವಿನಾಯಿತಿನಾ?

ತುಮಕೂರು: ನಾಟಕದ ಕಷ್ಟ ಗೊತ್ತಿಲ್ಲದವರು ಸುಮ್ಮನಿದ್ರೆ ಒಳ್ಳೇದು.

ಬೆಂಗಳೂರು: ಮೂವತ್ತು ವರ್ಷ ಲೈಟಿಂಗ್ ಮಾಡಿದೀನಿ ಸ್ವಾಮಿ. ಯಾವಾಗ್ಲೂ ಪಾಸ್ ಕೇಳೋರು ಟಿಕೆಟ್ ತೆರಿಗೆ ಬಗ್ಗೆ ನನಗೆ ಹೇಳ್ಬೇಡಿ.

ಹುಬ್ಬಳ್ಳಿ: ಜಾತ್ರಿಯೊಳಗ ನಮ್ಮ ಕಂಪನಿ ಟಿಕೆಟ್ ₹150. ನಿಮ್ಮ ಜಗಳ ನಮಗ ಸಂಬಂಧಾನ ಇಲ್ರಿ. ಟೆಂಟ್, ಜನರೇಟರ್ ಬಾಡಿಗಿ ಮ್ಯಾಲಿನ ತೆರಿಗಿ ಇಳಸ್ರಿ ಅಂತ ಯಾರರ ಬರೀರಿ, ಮೊದಲ ನಾ ಸಹಿ ಹಾಕ್ತೀನಿ.

ಹಾಸನ: ಮೇಡಂ, ₹200 ಟಿಕೆಟ್‌ಗೆ ಜಿಎಸ್‌ಟಿ ಇದೆಯಾ?

ಸಿ.ಎ.: ಮೇಲೆ ಓದಿ.

ತುಮಕೂರು: ಪಾಸ್ ಮಾತು ವಾಪಸ್ ತಗೊಳ್ಳಿ.

ಧಾರವಾಡ: ಮೇಡಂ, ಖಾತೆ ನೋಡಿದ್ವಿ. ದಾಟಿ ಇವತ್ತಿಗೆ 27 ದಿನ ಆತು.

ಸಿ.ಎ.: ಪ್ಯಾನ್, ಸಂಸ್ಥೆಯ ನೋಂದಣಿ ಪತ್ರ, ವಿಳಾಸದ ದಾಖಲೆ ಹಿಡ್ಕೊಂಡು ನಾಳೆ ಬೆಳಿಗ್ಗೆನೇ ನಿಮ್ಮೂರಿನ ಸಿ.ಎ. ಹತ್ರ ಹೋಗಿ. ಉಳಿದವರು ಜಗಳ ಮುಂದುವರಿಸಿ.