ಅಮ್ಮನ ಜೊತೆ ಮೈಸೂರು: ಅರಮನೆ, ಮ್ಯೂಸಿಯಂ, ಬೀಟೆ ಮರದ ಚಿತ್ರ

ಧಾರವಾಡದವಳು
ಎಲ್ಲರಿಗೂ ನಮಸ್ಕಾರ. ಈ ಶನಿವಾರ, ಭಾನುವಾರ ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವರಿಗೆ ಮಂಡಿ ನೋವು, ಜಾಸ್ತಿ ನಡೆಯೋಕೆ ಆಗಲ್ಲ. ಅರಮನೆ ಬಿಟ್ಟರೆ ಒಂದು ಒಳ್ಳೆ ಮ್ಯೂಸಿಯಂ ಸಾಕು. ಅಮ್ಮನಿಗೆ ರೇಷ್ಮೆ ಸೀರೆ ಬೇಕು, ನನಗೆ ಬೀಟೆ ಮರದ ಇನ್ಲೇ ಚಿತ್ರ, ಅಂದರೆ ಹಲಗೆಯಲ್ಲಿ ಮರದ ತುಂಡು ಕೂರಿಸಿ ಮಾಡೋದು. ಹಿಂದೊಮ್ಮೆ ಆಟೋದವರು ಫ್ಯಾಕ್ಟರಿ ಅಂತ ಹೇಳಿ ಯಾವುದೋ ಅಂಗಡಿ ಮುಂದೆ ಇಳಿಸಿದ್ದರು, ಒಳಗೆ ಒಂದು ಮಗ್ಗವೂ ಇರಲಿಲ್ಲ, ಬೆಲೆ ಮಾತ್ರ ಸಿಕ್ಕಾಪಟ್ಟೆ. ಅಸಲಿ ಮಾಲು ಅಂತ ಗೊತ್ತಾಗೋದು ಹೇಗೆ?

ಒಂಟಿಕೊಪ್ಪಲು
ಅರಮನೆಗೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಆಮೇಲೆ ವಿಪರೀತ ರಶ್. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು, ಈಗಿನದು ಹೆನ್ರಿ ಇರ್ವಿನ್ ನಕ್ಷೆಯಲ್ಲಿ ಎದ್ದು 1912ರಲ್ಲಿ ಮುಗಿದದ್ದು. ಕಲ್ಯಾಣ ಮಂಟಪದಲ್ಲಿ ಎಲ್ಲರೂ ಮೇಲಿನ ಗಾಜಿನ ನವಿಲು ನೋಡಿ ಮುಂದೆ ಹೋಗಿಬಿಡುತ್ತಾರೆ. ದಯವಿಟ್ಟು ಸುತ್ತಲಿನ ಗೋಡೆಯ ದಸರಾ ಮೆರವಣಿಗೆ ಚಿತ್ರಗಳ ಮುಂದೆ ನಿಲ್ಲಿ. ಆನೆ, ಕುದುರೆ, ಸಿಪಾಯಿಗಳು, ಬೀದಿಯಲ್ಲಿ ನೋಡೋಕೆ ನಿಂತ ಜನ, ಮುಖಗಳೆಲ್ಲ ಬೇರೆ ಬೇರೆ.

ಮ್ಯೂಸಿಯಂ ಅಂದರೆ ನಾನು ಹೇಳೋದು ಜಗನ್ಮೋಹನ ಅರಮನೆ. 1861ರ ಕಟ್ಟಡ, ಹತ್ತಿರವೇ ಇದೆ. ರವಿವರ್ಮನ ಚಿತ್ರಗಳಿವೆ, ಹಲ್ದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರವೂ ಇದೆ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಹೇಗೆ ಕೆಂಪಗೆ ಹೊಳೆಯುತ್ತವೆ ನೋಡಿ, ಅದೂ ಜಲವರ್ಣದಲ್ಲಿ! ಮೆಟ್ಟಿಲಿವೆ, ಅಮ್ಮ ನಿಧಾನಕ್ಕೆ ಹತ್ತಲಿ. ಭಾನುವಾರ ಸಂಜೆ ದೊಡ್ಡ ಅರಮನೆಯ ದೀಪಾಲಂಕಾರ ತಪ್ಪಿಸಬೇಡಿ.

ಬೀಟೆಮರ
ಇನ್ಲೇ ಬಗ್ಗೆ ನಾನು ಹೇಳ್ತೀನಿ, ನಮ್ಮ ಮಾವ ಮಂಡಿ ಮೊಹಲ್ಲಾದಲ್ಲಿ ಈ ಕೆಲಸ ಮಾಡಿದವರು. ಅಸಲಿ ಕೆಲಸದಲ್ಲಿ ಬಣ್ಣ ಬಳಿಯುವುದಿಲ್ಲ. ಹಲಸು, ಸಂಪಿಗೆ ಹೀಗೆ ಬೇರೆ ಬೇರೆ ಮರದ ತುಂಡುಗಳನ್ನು ಸಣ್ಣ ಗರಗಸದಲ್ಲಿ ಕುಯ್ದು ಬೀಟೆ ಹಲಗೆಯಲ್ಲಿ ಕೂರಿಸುತ್ತಾರೆ, ಆಕಾಶ, ಸೀರೆ, ಗುಡಿಸಲು ಎಲ್ಲಕ್ಕೂ ಆಯಾ ಮರದ ಬಣ್ಣವೇ. ಹಿಂದೆ ದಂತ ಬಳಸುತ್ತಿದ್ದರು, ಅದು ನಿಷೇಧವಾದ ಮೇಲೆ ಬಿಳಿ ಭಾಗಕ್ಕೆ ಪ್ಲಾಸ್ಟಿಕ್ ಬಂತು. ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ತುಂಡು ಬದಲಾದ ಕಡೆ ಮರದ ಗೆರೆಯ ದಿಕ್ಕೂ ಬದಲಾಗಬೇಕು. ಇಡೀ ಚಿತ್ರಕ್ಕೆ ಒಂದೇ ಗೆರೆ ಓಡಿದ್ದರೆ ಅದು ಪೇಂಟು, ಅಷ್ಟೇ. ಸಯ್ಯಾಜಿರಾವ್ ರಸ್ತೆಯ ಸರ್ಕಾರಿ ಕರಕುಶಲ ಮಳಿಗೆ ಕಾವೇರಿ ಎಂಪೋರಿಯಂನಲ್ಲಿ ಮೊದಲು ಬೆಲೆ ನೋಡಿಕೊಳ್ಳಿ. ಆಮೇಲೆ ಸಾಧ್ಯವಾದರೆ ಮಾಡುವವರ ಹತ್ತಿರವೇ ತಗೊಳ್ಳಿ, ದುಡ್ಡು ಅವರ ಕೈಗೆ ಹೋಗಲಿ. ಈಗಿನ ಹುಡುಗರು ಈ ಕೆಲಸಕ್ಕೆ ಬರುತ್ತಿಲ್ಲ, ನೋಡಿದರೆ ಹೊಟ್ಟೆ ಉರಿಯುತ್ತೆ.

ಧಾರವಾಡದವಳು
ತುಂಬಾ ಥ್ಯಾಂಕ್ಸ್ ಇಬ್ಬರಿಗೂ! ಸೀರೆ?

ಒಂಟಿಕೊಪ್ಪಲು
ಮಾನಂದವಾಡಿ ರಸ್ತೆಯ ಕೆ.ಎಸ್.ಐ.ಸಿ. (ರಾಜ್ಯ ಸರ್ಕಾರದ ರೇಷ್ಮೆ ನಿಗಮ) ಕಾರ್ಖಾನೆ. ಭಾನುವಾರ ರಜೆ, ಹಾಗಾಗಿ ಶನಿವಾರವೇ ಹೋಗಿ. ಜರಿಯಲ್ಲಿ ಬೆಳ್ಳಿ ಶೇ. 65, ಚಿನ್ನ ಶೇ. 0.65 ಇರುತ್ತದೆ, ಪ್ರತಿ ಸೀರೆಗೂ ಅದರದೇ ಕೋಡ್ ನಂಬರ್ ಇರುತ್ತದೆ, ಅದನ್ನು ನೋಡಿ ತಗೊಳ್ಳಿ. ಆಟೋ ಹತ್ತುವಾಗ ಸುಮ್ನೆ 'ಸಿಲ್ಕ್ ಫ್ಯಾಕ್ಟರಿ' ಅನ್ನಬೇಡಿ, ರಸ್ತೆ ಹೆಸರು ಹೇಳಿ.