ಸಹಾಯ ಬೇಕು: ಕರಾಟೆ ಮಕ್ಕಳಿಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ. ನಾನು ಶೋಟೋಕಾನ್ ಕರಾಟೆ ಕಲಿಸುತ್ತೇನೆ. ಮಕ್ಕಳಿಗಾಗಿ ಬರೆಯುವುದನ್ನು ನಿಲ್ಲಿಸಿ ಮೂರು ವರ್ಷ ಆಗಿತ್ತು. ಮೊನ್ನೆ ಹಳದಿ ಬೆಲ್ಟಿನ ಹುಡುಗಿಯೊಬ್ಬಳು, "ಸರ್, ಮನೆಗೆ ಹೋದ್ರೆ ಕಟಾ ಮರೆತುಹೋಗುತ್ತೆ, ಬರೆದುಕೊಡ್ತೀರಾ?" ಅಂದಳು. (ಕಟಾ ಅಂದರೆ ಗೊತ್ತುಪಡಿಸಿದ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿ.) ಅವತ್ತೇ ರಾತ್ರಿ ಮತ್ತೆ ಶುರು ಮಾಡಿದೆ.

ಮೊದಲು ಹೇಯಾನ್ ಶೋಡಾನ್ ಎಂಬ ಕಟಾ. 21 ಚಲನೆ, 9 ಮತ್ತು 17ನೆಯ ಚಲನೆಯಲ್ಲಿ ಕಿಯಾಯ್, ಅಂದರೆ ಜೋರಾದ ಕೂಗು. ಅಷ್ಟು ಸುಲಭ. ಆದರೆ ಝೆನ್‌ಕುತ್ಸು ದಾಚಿ (ಒಂದು ಕಾಲು ಮುಂದಿಟ್ಟು ನಿಲ್ಲುವ ಭಂಗಿ) ಬರೆಯಲು ಕೂತರೆ ಪೆನ್ನು ನಿಲ್ಲುತ್ತದೆ. ಮುಂದಿನ ಮಂಡಿ ಬಗ್ಗಬೇಕು, ಹಿಂದಿನ ಕಾಲು ನೆಟ್ಟಗಿರಬೇಕು, ಹಿಮ್ಮಡಿ ನೆಲ ಬಿಡಬಾರದು. ಮಕ್ಕಳ ಹಿಮ್ಮಡಿಯೇ ಜಾಸ್ತಿ ಏಳುವುದು! ಹತ್ತು ವರ್ಷದ ಮಗುವಿಗೆ ಇದನ್ನು ಓದಿದ ಕೂಡಲೇ ತಿಳಿಯುವ ಹಾಗೆ ಹೇಗೆ ಬರೆಯಲಿ? ಶಾಲೆಯಲ್ಲಿ ಪಾಠ ಮಾಡುವವರು, ಕರಾಟೆ ಕಲಿತವರು ದಯವಿಟ್ಟು ಹೇಳಿ. ಪಾದ ಇಡುವ ಕ್ರಮದ ಚಿತ್ರ ಬಿಡಿಸಿಕೊಡುವವರಿದ್ದರೆ ಇನ್ನೂ ಒಳ್ಳೆಯದು.